ಬೆರಿಬೆರಿಯಿಂದ ಬ್ಲೂಬೆರ್ರಿವರೆಗೆ

ನೆಲ್ಲಿಕಾಯಿಯಲ್ಲಿ ಕಿತ್ತಳೆ ಹಣ್ಣಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಸಿ ವಿಟಮಿನ್ ಇದೆ ಅನ್ನೋ ಮಾತನ್ನು ನೀವು ಕೇಳಿಯೇ ಇರ್ತೀರಿ. ಶಾಲೆ ಪುಸ್ತಕದಲ್ಲಿ, ಆಯುರ್ವೇದದ ಡಬ್ಬಿ ಮೇಲೆ, ಈಗ ವಾಟ್ಸಾಪಿನಲ್ಲಿ. ಈ ಇಪ್ಪತ್ತು ಪಟ್ಟು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ನಮ್ಮ ಹೈದರಾಬಾದಿನ ತಾರ್ನಾಕಾಕ್ಕೆ ಬಂದು ನಿಲ್ಲಬೇಕಾಗುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಿಗೇ ಇರುವ ರಾಷ್ಟ್ರೀಯ ಪೋಷಣ ಸಂಸ್ಥೆ, ಅಂದರೆ ಇಲ್ಲಿನವರ ಬಾಯಲ್ಲಿ ಎನ್ಐಎನ್, 1971ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪುಸ್ತಕ ಹೊರತಂದಿತು. ಗೋಪಾಲನ್, ರಾಮಶಾಸ್ತ್ರಿ, ಬಾಲಸುಬ್ರಮಣಿಯನ್ ಮೂವರು ಸೇರಿ ಮಾಡಿದ್ದು. ಅದರಲ್ಲಿ ನೂರು ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ, ಕಿತ್ತಳೆಗೆ 30. ಭಾಗಿಸಿ ನೋಡಿ, ಇಪ್ಪತ್ತು ಬರುತ್ತೆ.

ನಾನು ರಾಯಚೂರಿನ ಕಡೆಯಿಂದ ಈ ಊರಿಗೆ ಬಂದು ನಲವತ್ತು ವರ್ಷ ದಾಟಿತು. ಅಷ್ಟೂ ವರ್ಷ ಆ ಸಂಸ್ಥೆಯ ಗೇಟಿನ ಮುಂದೆ ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಓಡಾಡಿದ್ದೇನೆ. ಆ ಗೇಟಿನ ಒಳಗಿನ ಚರಿತ್ರೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು ಅಂತ ಈಚೆಗೆ ಅನಿಸುತ್ತಿದೆ. ಮೊದಲು ಹಸಿದವರ ಲಿವರ್ ನೋಡಿದರು, ಈಗ ಉಂಡವರ ಲಿವರ್ ನೋಡುತ್ತಿದ್ದಾರೆ. ಎರಡರಲ್ಲೂ ಒಂದೇ ಕೊಬ್ಬು!

*

ಕಥೆ ಶುರುವಾಗೋದು ಹೈದರಾಬಾದಿನಲ್ಲಲ್ಲ, ನೀಲಗಿರಿ ಬೆಟ್ಟದ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನೋ ಮಿಲಿಟರಿ ವೈದ್ಯ ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಒಂದು ಕೋಣೆಯಲ್ಲಿ 'ಬೆರಿಬೆರಿ ವಿಚಾರಣಾ ಘಟಕ' ಅಂತ ಶುರು ಮಾಡಿದರು. ಈ ಬೆರಿಬೆರಿಗೂ ಹಣ್ಣಿನ ಬೆರ್ರಿಗೂ ಏನೂ ಸಂಬಂಧವಿಲ್ಲ. ಅದು ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡವರಿಗೆ ಬರುತ್ತಿದ್ದ, ಬಿ1 ವಿಟಮಿನ್ ಕೊರತೆಯ ಕಾಯಿಲೆ. ಏಳು ವರ್ಷದಲ್ಲಿ ಅದು 'ಕೊರತೆ ರೋಗಗಳ ವಿಚಾರಣೆ' ಆಯಿತು, 1928ರಲ್ಲಿ 'ಪೋಷಣ ಸಂಶೋಧನಾ ಪ್ರಯೋಗಾಲಯ' ಆಯಿತು. ಹೆಸರು ಬದಲಾದರೂ ಕೆಲಸ ಒಂದೇ. ಊಟದಲ್ಲಿ ಏನು ಕಮ್ಮಿ ಅಂತ ಹುಡುಕೋದು.

ಮೆಕ್ಯಾರಿಸನ್ ಮಾಡಿದ ಒಂದು ಪ್ರಯೋಗದಲ್ಲಿ ನಾವೂ ಇದ್ದೇವೆ. ಇಲಿಗಳನ್ನು ಏಳು ಗುಂಪು ಮಾಡಿ, ಒಂದೊಂದಕ್ಕೂ ದೇಶದ ಒಂದೊಂದು ಜನರ ಊಟ ಹಾಕಿದರು. ಸಿಖ್ಖರದ್ದು, ಪಠಾಣರದ್ದು, ಮರಾಠರದ್ದು, ಗೂರ್ಖಾಗಳದ್ದು, ಕನ್ನಡಿಗರದ್ದು, ಬಂಗಾಳಿಗಳದ್ದು, ಮದ್ರಾಸಿಗಳದ್ದು. ಕೊನೆಗೆ ತೂಕ ಹಾಕಿದಾಗ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ ಇಲಿ ಸರಾಸರಿ 235 ಗ್ರಾಂ ತೂಗಿತು. ಮದ್ರಾಸಿ ಊಟದ ಇಲಿ 155. ಕನ್ನಡ ಇಲಿ 185 ಗ್ರಾಂ, ಏಳರಲ್ಲಿ ಐದನೇ ಸ್ಥಾನ! ಬಂಗಾಳಿಗಿಂತ ಐದು ಗ್ರಾಂ ಮುಂದೆ ಅನ್ನೋದಷ್ಟೇ ಸಮಾಧಾನ. ಆ ಕಾಲದಲ್ಲಿ ತೂಕ ಹೆಚ್ಚಿದ ಇಲಿಯೇ ಆರೋಗ್ಯವಂತ ಇಲಿ. ಆ ಮಾತನ್ನು ಇಲ್ಲೇ ಗುರುತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೆಕ್ಯಾರಿಸನ್ ಹೋದ ಮೇಲೆ ಡಬ್ಲ್ಯು.ಆರ್. ಐಕ್ರಾಯ್ಡ್ ಬಂದರು. 1937ರಲ್ಲಿ ಅವರು 'ಹೆಲ್ತ್ ಬುಲೆಟಿನ್ ನಂ. 23' ಅಂತ ಒಂದು ಸಣ್ಣ ಪುಸ್ತಕ ತಂದರು. ನಮ್ಮ ಕಾಳು, ಸೊಪ್ಪು, ಹಣ್ಣುಗಳಲ್ಲಿ ಏನೇನು ಎಷ್ಟೆಷ್ಟಿದೆ ಅನ್ನುವ ಪಟ್ಟಿ. ಮೇಲೆ ಹೇಳಿದ 1971ರ ಪುಸ್ತಕಕ್ಕೆ ಇದೇ ಮೂಲಪುರುಷ. ನೆಲ್ಲಿಕಾಯಿಗೆ ಆಗ ಒಳ್ಳೇ ಕಾಲ ಬಂತು. 1936ರಲ್ಲಿ ದಾಮೋದರನ್ ಮತ್ತು ನಾಯರ್ ಅನ್ನುವ ಇಬ್ಬರು ಒಂದು ವಿಚಿತ್ರ ಗಮನಿಸಿದ್ದರು. ನೆಲ್ಲಿಕಾಯಿಯ ಒಗರಿನಲ್ಲಿರುವ ಟ್ಯಾನಿನ್, ಅದರ ಸಿ ವಿಟಮಿನ್ ಹಾಳಾಗದಂತೆ ಕಾಯುತ್ತದೆ ಅಂತ. ನಮ್ಮ ಅಜ್ಜಿಯರು ಬಿಸಿಲಲ್ಲಿ ಒಣಗಿಸಿ ವರ್ಷಪೂರ್ತಿ ಇಟ್ಟ ನೆಲ್ಲಿ ಚಟ್ಟು ಹುಳಿ ಕಳೆದುಕೊಳ್ಳದೇ ಇದ್ದದ್ದು ನೆನಪಾಗುತ್ತೆ ಅಲ್ವಾ? ಅದಾಗಿ ನಾಲ್ಕು ವರ್ಷಕ್ಕೆ, 1940ರಲ್ಲಿ, ಈಗಿನ ಹರಿಯಾಣದ ಹಿಸ್ಸಾರ್‌ನಲ್ಲಿ ಬರ ಬಿದ್ದು ಜನರಿಗೆ ಸ್ಕರ್ವಿ ಹತ್ತಿಕೊಂಡಾಗ ನೆಲ್ಲಿಕಾಯಿಯನ್ನೇ ಔಷಧಿಯಾಗಿ ಕೊಟ್ಟರು, ಗುಣವೂ ಆಯಿತು. ನಮ್ಮ ಕಾಡು ಕಾಯಿಗೆ ಸರ್ಕಾರಿ ದಾಖಲೆಯಲ್ಲಿ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದು. ಆದರೆ ನೋಡಿ, ಆಗಲೂ ಹಣ್ಣಿಗೆ ಮರ್ಯಾದೆ ಸಿಕ್ಕಿದ್ದು ಕೊರತೆ ತುಂಬಿದ್ದಕ್ಕೆ.

*

1958ರಲ್ಲಿ ಆ ಪ್ರಯೋಗಾಲಯ ಗಂಟುಮೂಟೆ, ಇಲಿಗಳ ಸಮೇತ ಬೆಟ್ಟ ಇಳಿದು ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಬಂತು.

ಹೈದರಾಬಾದಿನ ಹಳೇ ಗುರುತುಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಒಂದು, 1935ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರ್ಕೆಟ್ಟು. ಬಹಳ ಕಾಲ ಊರಿನ ಹಣ್ಣಿನ ಮಾರ್ಕೆಟ್ಟು ಅದೇ ಆಗಿತ್ತು. ಇನ್ನೊಂದು, 1953ರ ನಿಲೋಫರ್ ಮಕ್ಕಳ ಆಸ್ಪತ್ರೆ. ಮೊಅಜ್ಜಂ ಜಾ ಕೊನೆಯ ನಿಜಾಮನ ಎರಡನೇ ಮಗ, ನಿಲೋಫರ್ ಅವನ ಹೆಂಡತಿ, ತುರ್ಕಿಯ ಆಟೊಮನ್ ಮನೆತನದ ರಾಜಕುಮಾರಿ. ಗಂಡನ ಹೆಸರಿನಲ್ಲಿ ಹಣ್ಣಿನ ಮಾರ್ಕೆಟ್ಟು, ಹೆಂಡತಿ ಹೆಸರಿನಲ್ಲಿ ಮಕ್ಕಳ ಆಸ್ಪತ್ರೆ. (ಆಸ್ಪತ್ರೆ ಶುರುವಾಗುವ ಹೊತ್ತಿಗೆ ಅವರಿಬ್ಬರೂ ಬೇರೆಯಾಗಿದ್ದರು ಅನ್ನೋದು ಬೇರೆ ಮಾತು.)

ಆ ನಿಲೋಫರ್ ಆಸ್ಪತ್ರೆಯಲ್ಲೇ ತಾರ್ನಾಕಾದ ಸಂಸ್ಥೆಯವರ ಪೋಷಣ ವಾರ್ಡು ಇತ್ತು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕ್ವಾಶಿಯೋರ್ಕರ್ ಅನ್ನುವ ಕಾಯಿಲೆಯವರು ಬೇಕಾದಷ್ಟು. ಕಾಲು ಊದಿಕೊಂಡಿರುತ್ತೆ, ಮುಖ ದುಂಡಗೆ, ಕೂದಲು ಕೆಂಚಗೆ, ಹೊಟ್ಟೆ ಮುಂದೆ. ನೋಡಿದವರಿಗೆ ಮಗು ದಪ್ಪಗಿದೆ ಅನಿಸಬೇಕು, ಹಾಗೆ. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಿದರೆ ಅದರ ತುಂಬ ಕೊಬ್ಬು!

ಉಣ್ಣೋಕೆ ಗತಿ ಇಲ್ಲದ ಮಗುವಿನ ಲಿವರಿನಲ್ಲಿ ಕೊಬ್ಬು ಎಲ್ಲಿಂದ ಬರಬೇಕು? ಲೆಕ್ಕ ಹೀಗಿದೆ. ಲಿವರ್ ಅನ್ನೋದು ಒಂದು ಪಾರ್ಸೆಲ್ ಆಫೀಸು. ಅಲ್ಲಿಗೆ ಬಂದ ಕೊಬ್ಬನ್ನು ಪ್ರೋಟೀನಿನ ಹೊದಿಕೆಯಲ್ಲಿ ಕಟ್ಟಿ ರಕ್ತಕ್ಕೆ ಕಳಿಸಬೇಕು. ಮಗುವಿನ ಊಟದಲ್ಲಿ ಪ್ರೋಟೀನೇ ಇಲ್ಲದಿದ್ದರೆ ಕಟ್ಟೋಕೆ ಹೊದಿಕೆ ಇಲ್ಲ. ಬಂದದ್ದು ಬಂದಲ್ಲೇ ರಾಶಿ ಬೀಳುತ್ತೆ. ಕಾರಣಗಳು ಬೇರೆಯೂ ಇವೆ ಅಂತ ಈಗ ಗೊತ್ತಾಗಿದೆ, ಆದರೆ ಮೂಲ ತೊಡಕು ಈ ಹೊದಿಕೆಯದ್ದೇ.

ಇದರ ಮೇಲೆ ಕೆಲಸ ಮಾಡಿದವರಲ್ಲಿ ಇಬ್ಬರ ಹೆಸರು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಒಬ್ಬರು ಸಿ. ಗೋಪಾಲನ್. ಸಂಸ್ಥೆ ಹುಟ್ಟಿದ 1918ರಲ್ಲೇ ಅವರೂ ಹುಟ್ಟಿದ್ದು, 2019ರಲ್ಲಿ ತೀರಿಕೊಂಡರು. ಇಡೀ ಪ್ರಪಂಚ 'ಬಡ ಮಕ್ಕಳಿಗೆ ಪ್ರೋಟೀನ್ ಪುಡಿ ಕೊಡಿ' ಅಂತ ಕೂಗುತ್ತಿದ್ದ ಕಾಲದಲ್ಲಿ, 'ಪುಡಿ ಅಲ್ಲ ಸ್ವಾಮಿ, ಮೊದಲು ಹೊಟ್ಟೆ ತುಂಬ ಮಾಮೂಲಿ ಊಟ ಹಾಕಿ' ಅನ್ನುವ ಪಕ್ಷ ಅವರದ್ದು. ಇನ್ನೊಬ್ಬರು ಎಸ್.ಜಿ. ಶ್ರೀಕಂಠಯ್ಯ. ಗೋಪಾಲನ್ ನಂತರ ನಿರ್ದೇಶಕರಾದರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದರು. ಸಂಸ್ಥೆ ಹೈದರಾಬಾದಿಗೆ ಬಂದ 1958ರಲ್ಲೇ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಹಸಿವಿನಿಂದ ಊದಿಕೊಂಡವರ ರಕ್ತದಲ್ಲಿ ಫೆರಿಟಿನ್ ಕಾಣಿಸುತ್ತದೆ, ಆ ಊತಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ. ಫೆರಿಟಿನ್ ಅಂದರೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನು, ಅದರ ದೊಡ್ಡ ಉಗ್ರಾಣ ಲಿವರ್. ಇವತ್ತು ಫ್ಯಾಟಿ ಲಿವರ್ ಅಂತ ತಪಾಸಣೆಗೆ ಹೋದವರ ರಿಪೋರ್ಟಿನಲ್ಲೂ ಫೆರಿಟಿನ್ ಅನ್ನುವ ಸಾಲು ಇರುವುದುಂಟು. ಅದೇ ಪದಾರ್ಥ, ಅದೇ ಅಂಗ. ರೋಗಿಗಳು ಮಾತ್ರ ಬೇರೆ.

*

ಈಗ ಇಲಿ ಕಥೆಗೆ ವಾಪಸ್ ಬರೋಣ. ಈ ಸಂಸ್ಥೆಯವರು 1920ರಿಂದ ಒಂದೇ ವಂಶದ ಬಿಳಿ ಇಲಿಗಳನ್ನು ಸಾಕಿಕೊಂಡು ಬಂದಿದ್ದಾರೆ. ಎಪ್ಪತ್ತೈದು ವರ್ಷ ಆ ವಂಶದ ಇಲಿಗಳು ಇಲಿಗಳ ಹಾಗೇ ಇದ್ದವು. 1996ರಲ್ಲಿ ಎನ್.ವಿ. ಗಿರಿಧರನ್ ಮತ್ತು ಜೊತೆಯವರು ಆ ಗೂಡುಗಳಲ್ಲಿ ಒಂದು ವಿಪರೀತ ದಪ್ಪ ಇಲಿಯನ್ನು ಗುರುತಿಸಿದರು. ಯಾರೂ ಮಾಡಿದ್ದಲ್ಲ, ತಾನಾಗೇ ಬಂದ ಜೀನಿನ ವ್ಯತ್ಯಾಸ. 'ಸಾಕು' ಅಂತ ಮೆದುಳಿಗೆ ಹೇಳುವ ಲೆಪ್ಟಿನ್ ಅನ್ನುವ ಹಾರ್ಮೋನು ರಕ್ತದಲ್ಲಿ ಬೇಕಾದಷ್ಟಿದ್ದರೂ ಅದರ ಮಾತು ಆ ಇಲಿಗೆ ಕೇಳಿಸುವುದಿಲ್ಲ. ತಿಂತಾನೇ ಇರುತ್ತೆ. ಆ ವಂಶದಲ್ಲಿ ಒಂದು ಕಿಲೋ ದಾಟಿದ ಇಲಿಗಳೂ ಬಂದವು. 185 ಗ್ರಾಮಿನ ನಮ್ಮ ಕನ್ನಡ ಇಲಿ ಎಲ್ಲಿ, ಕಿಲೋ ತೂಗುವ ಈ ಹೈದರಾಬಾದಿ ಇಲಿ ಎಲ್ಲಿ! ಕೂನೂರಿನ ಲೆಕ್ಕದಲ್ಲಿ ಇದಕ್ಕೆ ಮೊದಲ ಬಹುಮಾನ ಬರಬೇಕಿತ್ತು. ಇದಕ್ಕೆ ಬಂದದ್ದು ರಕ್ತದಲ್ಲಿ ಕೊಬ್ಬು, ಇನ್ಸುಲಿನ್ ಏರುಪೇರು, ಕಣ್ಣಿನ ಪೊರೆ, ಕಡಿಮೆ ಆಯಸ್ಸು.

1996 ಅಂದರೆ ಹೈದರಾಬಾದಿನಲ್ಲಿ ಹೈಟೆಕ್ ಸಿಟಿಯ ಮಾತು ಜೋರಾಗಿದ್ದ ಕಾಲ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆ ಆಯಿತು. ಬಂಡೆ, ಕುರುಚಲು, ಸೀತಾಫಲದ ಗಿಡ ಇದ್ದ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಅದೇ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ 345 ಮಂದಿಯನ್ನು ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಎಐಜಿ ಆಸ್ಪತ್ರೆಯವರು ಸೇರಿ ಪರೀಕ್ಷಿಸಿದ ವರದಿ 2025ರಲ್ಲಿ ಪ್ರಕಟವಾಯಿತು. ನೂರಕ್ಕೆ 84 ಜನರ ಲಿವರಿನಲ್ಲಿ ಕೊಬ್ಬು, ಸುಮಾರು 71 ಜನರಿಗೆ ಬೊಜ್ಜು. ಪಾರ್ಲಿಮೆಂಟಿನಲ್ಲೂ ಈ ಅಂಕಿ ಓದಿದರು. ಇದು ಪರೀಕ್ಷೆಗೆ ಬಂದ ಆ 345 ಜನರ ಅಂಕಿ, ಇಡೀ ಊರಿನದ್ದಲ್ಲ. ಹಾಗಂತ ತಳ್ಳಿಹಾಕುವ ಹಾಗೂ ಇಲ್ಲ.

ಕುಡಿಯದವರಿಗೂ ಕುಡುಕರ ಹಾಗೆ ಲಿವರ್ ಕೆಡುತ್ತದೆ ಅನ್ನೋದಕ್ಕೆ ಒಂದು ಹೆಸರು ಸಿಕ್ಕಿದ್ದೇ 1980ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಅವರಿಂದ. ನಮ್ಮ ಸರ್ಕಾರ 2021ರಲ್ಲಿ ಅದನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಇಲ್ಲಿ ತೊಡಕು ಹೊದಿಕೆಯದ್ದಲ್ಲ, ಸರಕಿನದ್ದು. ಹೊಟ್ಟೆಯ ಸುತ್ತ ಬೆಳೆದ ಕೊಬ್ಬಿನಿಂದ ಕೊಬ್ಬಿನಾಮ್ಲ ಸುರಿಯುತ್ತಲೇ ಇರುತ್ತೆ, ಸಕ್ಕರೆ ಮೈದಾ ಹೆಚ್ಚಾದರೆ ಲಿವರ್ ತಾನೇ ಇನ್ನಷ್ಟು ಕೊಬ್ಬು ತಯಾರಿಸುತ್ತೆ. ಪಾರ್ಸೆಲ್ ಆಫೀಸಿನವರು ಎಷ್ಟು ಕಟ್ಟಿದರೂ ಮುಗಿಯಲ್ಲ. ಕೆಲವರಿಗೆ ಇದು ಇಷ್ಟಕ್ಕೇ ನಿಲ್ಲುತ್ತೆ. ಇನ್ನು ಕೆಲವರಲ್ಲಿ ತುಂಬಿದ ಜೀವಕೋಶಗಳು ಒಡೆಯೋಕೆ ಶುರುವಾಗಿ, ಅಲ್ಲಿನ ಕಾವಲು ಕೋಶಗಳು ಎಚ್ಚೆತ್ತು, ಉರಿಯೂತ ಹತ್ತಿಕೊಳ್ಳುತ್ತೆ. ಆಮೇಲೆ ಗಾಯದ ಕಲೆ, ಅದಾದ ಮೇಲೆ ಸಿರೋಸಿಸ್. ವರ್ಷಗಟ್ಟಲೆ ಒಂದು ನೋವೂ ಕಾಣಿಸುವುದಿಲ್ಲ, ಅದೇ ಇದರ ಕೆಟ್ಟ ಗುಣ.

*

ನನ್ನ ಅಕ್ಕನ ಮಗ ಗಚ್ಚಿಬೌಲಿಯಲ್ಲಿ ಕೆಲಸ ಮಾಡ್ತಾನೆ, ವಯಸ್ಸು ಮೂವತ್ತನಾಲ್ಕು. ಕಂಪನಿಯ ಹೆಲ್ತ್ ಚೆಕಪ್ಪಿನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂತು. ಮರುವಾರವೇ ಫ್ರಿಜ್ಜಿನಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬ್ಲೂಬೆರ್ರಿ. 'ಮಾಮಾ, ಇದು ಲಿವರ್ ಉರಿಯೂತಕ್ಕೆ ಒಳ್ಳೇದಂತೆ' ಅಂದ. ಅವನ ಗಾಬರಿ ಸುಳ್ಳಲ್ಲ, ಅವರಪ್ಪ ಹೋದದ್ದು ಸಿರೋಸಿಸ್‌ನಿಂದಲೇ, ಅದೂ ಒಂದು ಹನಿ ಮದ್ಯ ಮುಟ್ಟದೆ. ಹಾಗಾಗಿ ಈ ಬೆರ್ರಿಗಳ ವಿಚಾರ ನನಗೆ ಬರೀ ಕುತೂಹಲದ್ದಲ್ಲ.

ಬ್ಲೂಬೆರ್ರಿ ಮೊದಲು ಅಮೆರಿಕದ ಕಾಡು ಹಣ್ಣು. ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಅನ್ನುವ ಹೆಂಗಸು ಮತ್ತು ಫ್ರೆಡ್ರಿಕ್ ಕೋವಿಲ್ ಅನ್ನುವ ಸಸ್ಯಶಾಸ್ತ್ರಿ ಅದನ್ನು ತೋಟದ ಬೆಳೆ ಮಾಡಿ, 1916ರಲ್ಲಿ ಮೊದಲ ಫಸಲು ಮಾರಿದರು. ಕೂನೂರಿನ ಕೋಣೆಗೆ ಎರಡು ವರ್ಷ ಮೊದಲು. ಅದಕ್ಕೆ ಔಷಧಿಯ ಪಟ್ಟ ಬಂದದ್ದು ತೊಂಬತ್ತರ ದಶಕದಿಂದೀಚೆಗೆ, ಅದರ ನೀಲಿ ಬಣ್ಣದ ಆಂಥೋಸಯನಿನ್ ದೆಸೆಯಿಂದ. ಅಮೆರಿಕದ ಕೃಷಿ ಇಲಾಖೆಯವರು 2007ರಲ್ಲಿ ಯಾವ ಹಣ್ಣಿಗೆ ಎಷ್ಟು 'ಆಂಟಿಆಕ್ಸಿಡೆಂಟ್' ಅಂಕ ಅಂತ ಪಟ್ಟಿ ಮಾಡಿದರು. ಕಂಪನಿಗಳು ಆ ಅಂಕವನ್ನು ಡಬ್ಬಿ ಮೇಲೆ ಅಚ್ಚು ಹಾಕಿ ಮಾರಿದ್ದೇ ಮಾರಿದ್ದು. ಗಾಜಿನ ಕೊಳವೆಯಲ್ಲಿ ಬಂದ ಅಂಕ ದೇಹದೊಳಗೆ ಏನಾಗುತ್ತೆ ಅಂತ ಹೇಳಲ್ಲ ಅಂತ ಇಲಾಖೆಯೇ 2012ರಲ್ಲಿ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಡಬ್ಬಿಗಳು ಮಾತ್ರ ಈಗಲೂ ಅದೇ ರಾಗ ಹಾಡುತ್ತಿವೆ.

ಹಾಗಾದರೆ ಬಣ್ಣದ ಹಣ್ಣುಗಳಲ್ಲಿ ಏನೂ ಇಲ್ವಾ? ಇದೆ. ಕೊಬ್ಬು ತಿನ್ನಿಸಿದ ಇಲಿಗಳಿಗೆ ಬೆರ್ರಿ ಸಾರ ಕೊಟ್ಟಾಗ ಲಿವರಿನ ಕೊಬ್ಬು, ಉರಿಯೂತ ಎರಡೂ ಇಳಿದದ್ದು ಮತ್ತೆ ಮತ್ತೆ ಕಂಡಿದೆ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದವರು 2015ರಲ್ಲಿ ಕ್ರ್ಯಾನ್‌ಬೆರ್ರಿ ಸಾರದಿಂದ ಇದನ್ನೇ ತೋರಿಸಿದರು. ಕೆಲಸ ನಡೆಯೋದು ಬಹುಶಃ ಕರುಳಿನಲ್ಲಿ. ಈ ಬಣ್ಣ, ಒಗರು ರಕ್ತಕ್ಕೆ ಹೋಗೋದು ಬಹಳ ಕಮ್ಮಿ. ಹೆಚ್ಚಿನ ಪಾಲು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತೆ, ಕರುಳಿನ ಗೋಡೆ ಗಟ್ಟಿಯಾಗುತ್ತೆ, ಅಲ್ಲಿಂದ ಲಿವರಿಗೆ ಸೋರುವ ವಿಷ ಕಡಿಮೆಯಾಗುತ್ತೆ. 2024ರಲ್ಲಿ ಅದೇ ಕೆನಡಾದವರು ಅಮೆಜಾನ್ ಕಾಡಿನ ಕ್ಯಾಮು ಕ್ಯಾಮು ಅನ್ನುವ ಹುಳಿ ಹಣ್ಣನ್ನು ತೂಕ ಹೆಚ್ಚಿದ್ದ 30 ಜನರಿಗೆ 12 ವಾರ ಕೊಟ್ಟು ನೋಡಿದಾಗ ಲಿವರಿನ ಕೊಬ್ಬು ಸ್ವಲ್ಪ ಇಳಿಯಿತು. ಮೂವತ್ತೇ ಜನ, ನೆನಪಿರಲಿ.

ಈ ಕ್ಯಾಮು ಕ್ಯಾಮು ಯಾರ ನೆಂಟ ಅಂತೀರಿ? ಸಿ ವಿಟಮಿನ್ನಿನಲ್ಲಿ ನಮ್ಮ ನೆಲ್ಲಿಕಾಯಿಯ ಜೋಡಿ, ಸಸ್ಯ ಕುಟುಂಬದಲ್ಲಿ ನಮ್ಮ ನೇರಳೆಯ ದಾಯಾದಿ. ನೇರಳೆಯ ನೀಲಿಯೂ ಆಂಥೋಸಯನಿನ್ನೇ, ತಿಂದ ಮೇಲೆ ನಾಲಿಗೆ ನೋಡಿಕೊಂಡರೆ ಸಾಕು. ಇನ್ನೊಂದು ತಮಾಷೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ನೇರಳೆ ಹಣ್ಣು ಅಸಲಿ ಬೆರ್ರಿ, ಬದನೆಕಾಯಿ ಕೂಡ ಬೆರ್ರಿ, ಸ್ಟ್ರಾಬೆರ್ರಿ ಮಾತ್ರ ಬೆರ್ರಿಯೇ ಅಲ್ಲ!

ತಾರ್ನಾಕಾದಲ್ಲೂ ಹಣ್ಣಿನ ಮೇಲಿನ ಕೆಲಸ ನಿಂತಿಲ್ಲ. ಜಿ. ಭಾನುಪ್ರಕಾಶ ರೆಡ್ಡಿಯವರ ತಂಡ 2007ರಲ್ಲಿ, ನೆಲ್ಲಿಕಾಯಿ ಮತ್ತು ಅದರ ಟ್ಯಾನಿನ್ ಸಾರ ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಕಣ್ಣಿನ ಪೊರೆಯನ್ನು ತಡಮಾಡುತ್ತದೆ ಅಂತ ತೋರಿಸಿತು. 1936ರಲ್ಲಿ ವಿಟಮಿನ್ನಿನ ಕಾವಲುಗಾರ ಆಗಿದ್ದ ಒಗರು ಈಗ ತಾನೇ ನಾಯಕ. 2017ರಲ್ಲಿ ಸಂಸ್ಥೆ ಹೊಸ ಆಹಾರ ಪಟ್ಟಿ ತಂದಾಗ ಹೊಸ ವಿಧಾನದಲ್ಲಿ ಅಳೆದ ನೆಲ್ಲಿಕಾಯಿಯ ಸಿ ವಿಟಮಿನ್ 600ರಿಂದ ಸುಮಾರು 250ಕ್ಕೆ ಇಳಿಯಿತು. ಇಪ್ಪತ್ತು ಪಟ್ಟು ಹೋಗಿ ಆರು ಪಟ್ಟು ಆಯಿತು. ವಾಟ್ಸಾಪಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನನ್ನ ಅಳಿಯನಿಗೆ ನಾನು ಹೇಳಿದ್ದು ಇಷ್ಟು. ಬ್ಲೂಬೆರ್ರಿ ತಿನ್ನು, ಕೆಡುಕೇನಿಲ್ಲ, ಆದರೆ ಅದು ಊಟದ ಒಂದು ತುತ್ತು, ಔಷಧಿಯಲ್ಲ. ಮನುಷ್ಯರ ಲಿವರಿನಲ್ಲಿ ಗಟ್ಟಿಯಾಗಿ ರುಜುವಾತಾದದ್ದು ತೂಕ ಇಳಿಸುವುದು. ನೂರಕ್ಕೆ ಐದು ಇಳಿದರೆ ಕೊಬ್ಬು ಕರಗುತ್ತೆ, ಏಳರಿಂದ ಹತ್ತು ಇಳಿದರೆ ಉರಿಯೂತವೂ ಇಳಿಯುತ್ತೆ. ಮಧ್ಯರಾತ್ರಿ ಬಿರಿಯಾನಿ ತರಿಸಿಕೊಂಡು ಬೆಳಿಗ್ಗೆ ಬೆರ್ರಿ ತಿಂದರೆ ಲೆಕ್ಕ ಸರಿಹೋಗಲ್ಲ. ಹಣ್ಣನ್ನು ಜ್ಯೂಸ್ ಮಾಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತೆ, ನೆಲ್ಲಿಕಾಯಿಯನ್ನು ಮುರಬ್ಬ ಮಾಡಿದರೆ ನೆಲ್ಲಿ ಹೆಸರಿಗಷ್ಟೇ. 'ಲಿವರ್ ಡಿಟಾಕ್ಸ್' ಪುಡಿಗಳ ಹತ್ತಿರವಂತೂ ಹೋಗಲೇಬೇಡ. ಹಸಿರು ಚಹಾ ಕುಡಿದರೆ ಏನೂ ಆಗಲ್ಲ, ಅದರ ಸಾರವನ್ನು ಗುಳಿಗೆ ಮಾಡಿ ನುಂಗಿದವರಲ್ಲಿ ಲಿವರ್ ಕೆಟ್ಟ ಉದಾಹರಣೆಗಳಿವೆ. ಹಣ್ಣು ಬೇರೆ, ಹಣ್ಣಿನ ಸಾರ ಬೇರೆ. ಎನ್ಐಎನ್‌ನವರ 2024ರ ಆಹಾರ ಮಾರ್ಗಸೂಚಿಯ ತಟ್ಟೆಯಲ್ಲಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಸೊಪ್ಪು. ಗೋಪಾಲನ್ ಆಗ ಹೇಳಿದ 'ಪುಡಿ ಅಲ್ಲ, ಊಟ' ಅನ್ನುವ ಮಾತು ಹಸಿದವರಿಗೆ ಹೇಳಿದ್ದು, ಉಂಡವರಿಗೂ ಹೊಂದುತ್ತೆ.

ಅವನು ಆರು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದಾನೆ. ಮುಂದಿನ ಸ್ಕ್ಯಾನ್ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ತಾರ್ನಾಕಾ ಫುಟ್‌ಪಾತಿನಲ್ಲಿ ಬಿದಿರು ಬುಟ್ಟಿಯ ನೇರಳೆ ಹಣ್ಣು ಬಂದಿರುತ್ತೆ. ಉಪ್ಪು ಬೇರೆ ಪೊಟ್ಟಣದಲ್ಲಿ ಕಟ್ಟಿ ಕೊಡ್ತಾರೆ. ಜುಲೈ ಮಳೆ ಜೋರಾದ ಮೇಲೆ ಹುಳ ಬೀಳುತ್ತೆ, ತಿನ್ನೋರು ಅಷ್ಟರೊಳಗೆ ತಿನ್ನಬೇಕು. ಆಮೇಲೆ ಕಾರ್ತಿಕದಲ್ಲಿ ಉಸಿರಿಕಾಯ, ಅಂದರೆ ನಮ್ಮ ನೆಲ್ಲಿಕಾಯಿ, ಬರೋವರೆಗೆ ಕಾಯೋದೇ.